ಏಳನೆಯ ಬಟ್ಟೆ

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಮೇಸ್ತ್ರಿ ತಮ್ಮ ಗ್ಯಾರೇಜಿನ ತಗಡಿನ ಮೇಜಿನ ಮುಂದೆ ನಿಂತು ಎಣ್ಣೆ ಒರೆಸುವ ಬಟ್ಟೆಗಳನ್ನು ಎಣಿಸುತ್ತಿದ್ದರು. ಕರವಸ್ತ್ರದಷ್ಟು ಅಗಲದ ತುಂಡುಗಳು. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಹೊಲಿದ ಒಂದು ಅಂಕೆ, ಒಂದರಿಂದ ಹನ್ನೆರಡರವರೆಗೆ. ಒಮ್ಮೆ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿ, ಮೇಜಿನ ಮೇಲಿದ್ದ ನಮ್ಮ ಕಾರಿನ ಕೀಲಿಯನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡು ಗುಂಡಿ ಬಿಗಿದರು.

"ಏಳನೇದು ಇಲ್ಲ," ಎಂದರು.

ಬೀದಿಯವರು ಅವರನ್ನು ಎಣಿಕೆ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತು ವರ್ಷ ಬಾನೆಟ್ಟಿನ ಕೆಳಗೆ ಬಾಗಿ ಬಾಗಿ ಅವರ ನಡಿಗೆಯೇ ತುಸು ಬಲಕ್ಕೆ ವಾಲಿತ್ತು. ಬೇಸಿಗೆಯಲ್ಲೂ ಕಳಚದ ನೀಲಿ ಕೋಟು, ಅದರ ತೋಳಿನಲ್ಲಿ ಎಷ್ಟು ಒಗೆದರೂ ಹೋಗದ ಡೀಸೆಲ್ ವಾಸನೆ. ಯಾರು ಏನೇ ಹೇಳಲಿ, "ನಂಬೋದು ಬೇಡ, ನೋಡೋಣ" ಎನ್ನುವುದು ಅವರ ವಾಡಿಕೆ. ಬಟ್ಟೆಗಳಿಗೆ ಅಂಕೆ ಹೊಲಿದುಕೊಟ್ಟ ಅವರ ಹೆಂಡತಿ, "ಮದುವೆ ದಿನ ನನ್ನ ಮುಖಾನೂ ಎರಡು ಸಲ ನೋಡಿ ಖಾತ್ರಿ ಮಾಡ್ಕೊಂಡ್ರು ಪುಣ್ಯಾತ್ಮ," ಎಂದು ನಗುತ್ತಿದ್ದರು.

ಆ ಕಾರು ತೀರಿಕೊಂಡ ಭಾವನವರದು. ಮೂರು ಲಕ್ಷದ ನಲವತ್ತು ಸಾವಿರ ಕಿಲೋಮೀಟರ್ ಓಡಿದ್ದ ಆರು ಸಿಲಿಂಡರಿನ ಟರ್ಬೊ ಡೀಸೆಲ್. ವಾರಕ್ಕೆ ಎರಡು ಸಲ ಅಕ್ಕನನ್ನು ಡಯಾಲಿಸಿಸ್‌ಗೆಂದು ತೊಂಬತ್ತಾರು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ, ಒಂದು ಘಟ್ಟ ಹತ್ತಿಳಿದು, ನಾನೇ ಕರೆದೊಯ್ಯುತ್ತಿದ್ದೆ. ಚಿಕಿತ್ಸೆ ಮುಗಿಸಿ ಹಿಂದಿರುಗುವಾಗ ಸಣ್ಣ ನಡುಕಕ್ಕೂ ಅವಳಿಗೆ ವಾಂತಿ ಬರುತ್ತಿತ್ತು. ಈ ಎಂಜಿನ್ ಮಾತ್ರ ನಡುಗುತ್ತಿರಲಿಲ್ಲ. ಒಂದೇ ಸಾಲಿನಲ್ಲಿ ನಿಂತ ಆರು ಪಿಸ್ಟನ್‌ಗಳಲ್ಲಿ ಮೊದಲನೆಯದೂ ಆರನೆಯದೂ, ಎರಡನೆಯದೂ ಐದನೆಯದೂ, ನಡುವಿನ ಎರಡೂ ಜೊತೆಜೊತೆಯಾಗಿ ಏರಿ ಇಳಿಯುತ್ತವೆ. ಒಂದು ಜೋಡಿಯ ತಳ್ಳಾಟವನ್ನು ಉಳಿದ ಜೋಡಿಗಳು ಸರಿದೂಗಿಸುತ್ತವೆ. ಕಾಲೇಜಿನಲ್ಲಿ ಬಲಗಳ ಸಮತೋಲನವನ್ನು ಕಪ್ಪುಹಲಗೆಯ ಮೇಲೆ ಕಲಿತಿದ್ದ ನನಗೆ ಅದು ನಿಜಕ್ಕೂ ಅರ್ಥವಾದದ್ದು ಮೇಸ್ತ್ರಿ ಓಡುವ ಎಂಜಿನ್ನಿನ ಮೇಲೆ ತುಂಬಿದ ಚಹಾ ಲೋಟ ಇಟ್ಟು, "ಆರು ಜನ ಅಣ್ಣತಮ್ಮಂದಿರು ಜಗಳ ಇಲ್ದೆ ಒಂದೇ ಮನೇಲಿದ್ದಾರೆ ಸಾರ್, ಎಲ್ಲಿ ಸಿಗುತ್ತೆ?" ಎಂದ ದಿನ.

ಆ ಬೆಳಿಗ್ಗೆ ಅವರು ಆರಕ್ಕೇ ಬಂದು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಹೋಗುವ ಕೊಳವೆಯಲ್ಲಿ ಬಿರುಕು ಕಂಡು ಹೊಸದನ್ನು ಹಾಕಿದ್ದರು. ಹನ್ನೊಂದಕ್ಕೆ ಅಕ್ಕನ ಸರದಿ. ಅದು ತಪ್ಪಿದರೆ ಇನ್ನೆರಡು ದಿನ ಕಾಯಬೇಕು. ಅವಳ ಪಾದಗಳು ಆಗಲೇ ಊದಿದ್ದವು.

ಬೆಂಚಿನ ಕೆಳಗೆ, ಸಲಕರಣೆಗಳ ಪೆಟ್ಟಿಗೆಯಲ್ಲಿ, ನನ್ನ ಚೀಲದಲ್ಲೂ ಹುಡುಕಿದ್ದಾಯಿತು. ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡರು.

"ಮೇಸ್ತ್ರಿಗಳೇ," ಎಂದಳು ಬೆಂಚಿನ ಮೇಲೆ ಕುಳಿತಿದ್ದ ಅಕ್ಕ, "ನನ್ನ ಕಿಡ್ನಿಗಿಂತ ಆ ಚಿಂದಿ ಹೆಚ್ಚಾಯ್ತಾ ನಿಮಗೆ?"

"ಎರಡೂ ಒಂದೇ ಗಾಡೀಲಿ ಹೋಗ್ತಾ ಇರಬಹುದು, ಅಕ್ಕಾ. ನಂಬೋದು ಬೇಡ, ನೋಡೋಣ."

ಕೆಲಸಕ್ಕೆ ಕೈ ಹಾಕುವ ಮೊದಲು ಅವರು ನನ್ನಿಂದ ನಂಬರು ಕೇಳಿ ಆಸ್ಪತ್ರೆಗೆ ಫೋನ್ ಮಾಡಿದರು. "ಸಿಸ್ಟರ್, ಪೇಷಂಟ್ ತಡವಾಗಿ ಬರ್ತಾರೆ. ತಪ್ಪು ಅವರದಲ್ಲ, ಗಾಡಿ ರಿಪೇರಿ ಮಾಡೋನದು. ಬೈಯೋದಿದ್ರೆ ನನಗೇ ಬೈದುಬಿಡಿ." ಆ ಕಡೆಯಿಂದ ಸಾಕಷ್ಟು ಬೈಗುಳ ಬಂದಿರಬೇಕು, ಅಷ್ಟೂ ಹೊತ್ತು ತಲೆಯಾಡಿಸುತ್ತ ನಿಂತಿದ್ದು, ಕೊನೆಗೆ, "ಒಂದು ಗಂಟೆಗೆ ಹಾಸಿಗೆ ಕೊಡ್ತಾರಂತೆ," ಎಂದು ತಿರುಗಿದರು.

ಬಿಗಿದ ಪಟ್ಟಿಗಳನ್ನು ಸಡಿಲಿಸಿ ಕೊಳವೆಯನ್ನು ಎಳೆದಾಗ ಟರ್ಬೊದ ಬಾಯಿಯ ಒಳಗಡೆ, ಕಪ್ಪಿನಲ್ಲಿ ಕಪ್ಪಾಗಿ, ಏಳನೆಯ ಬಟ್ಟೆ ಕುಳಿತಿತ್ತು. ನಟ್ಟುಬೋಲ್ಟು ಒಳಗೆ ಬೀಳದಿರಲೆಂದು ಅವರೇ ತುರುಕಿದ್ದು. ಅದನ್ನು ಮರೆಮಾಡಿ ಜೇಬಿಗೆ ಸೇರಿಸಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನಾನೇ ಇಟ್ಟದ್ದು, ನಾನೇ ಮರೆತದ್ದು. ಕ್ಷಮಿಸಿ ಅಕ್ಕಾ."

ಅಕ್ಕ ಆ ಕೆಂಪು ಅಂಕೆಯನ್ನು ಬಾಗಿ ನೋಡಿದಳು. ಆಮೇಲೆ, "ಸಿಕ್ತಲ್ಲ, ಬಿಡಿ," ಎಂದಳು.

ಏನಾಗುತ್ತಿತ್ತೆಂದು ದಾರಿಯಲ್ಲಿ ನಾನು ಲೆಕ್ಕ ಹಾಕಿದೆ. ಘಟ್ಟದ ಏರಿನಲ್ಲಿ ಟರ್ಬೊದ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಬಟ್ಟೆಯನ್ನು ಎಳೆದುಕೊಂಡರೆ ಚಕ್ರ ಮುರಿಯಬಹುದು, ಅದರ ಎಣ್ಣೆ ಎಂಜಿನ್ನಿಗೆ ನುಗ್ಗಬಹುದು; ಆಗ ಡೀಸೆಲ್ ಎಂಜಿನ್ ತನ್ನ ಎಣ್ಣೆಯನ್ನೇ ಉರಿಸುತ್ತ, ಕೀಲಿ ತಿರುಗಿಸಿದರೂ ನಿಲ್ಲದೆ, ಸಿಡಿಯುವವರೆಗೆ ಓಡಬಹುದು. ಒಂದು ಬದಿಗೆ ಕಮರಿ, ಪಕ್ಕದಲ್ಲಿ ಅಕ್ಕ. ಆಸ್ಪತ್ರೆಗೆ ಹನ್ನೆರಡೂ ಮುಕ್ಕಾಲಿಗೆ ಮುಟ್ಟಿದೆವು. ಆ ಕಾರಿನಲ್ಲಿ ನಾವು ಇಂದಿಗೂ ಓಡಾಡುತ್ತಿದ್ದೇವೆ. ಐದು ಲಕ್ಷ ದಾಟಿದೆ.

ಎಂಜಿನ್ನಿನ ಬಾಳಿಕೆಗೆ ಒಳ್ಳೆಯ ವಿನ್ಯಾಸ ಕಾರಣ, ಒಳ್ಳೆಯ ಉಕ್ಕು ಕಾರಣ ಎಂದು ಪುಸ್ತಕಗಳು ಹೇಳುತ್ತವೆ, ಅದು ಸುಳ್ಳಲ್ಲ. ಆದರೆ ತಮ್ಮ ಕೈಯನ್ನೇ ಪೂರ್ತಿ ನಂಬದ ಕೆಲವರು ಲೋಕದಲ್ಲಿದ್ದಾರೆ. ಅವರು ದಿನವೂ ತಮ್ಮನ್ನು ತಾವೇ ಅನುಮಾನಿಸಿಕೊಳ್ಳುವುದರಿಂದ ಉಳಿದ ನಾವು ನಿಶ್ಚಿಂತೆಯಿಂದ ಘಟ್ಟ ಹತ್ತುತ್ತೇವೆ. ಏರಿನಲ್ಲಿ ಎಂಜಿನ್ ಹದವಾಗಿ ಉಸಿರೆಳೆದುಕೊಳ್ಳುವಾಗಲೆಲ್ಲ ನನಗೆ ಆ ಬೆಳಿಗ್ಗೆ ನೆನಪಾಗುತ್ತದೆ: ಏಳನೆಯ ಬಟ್ಟೆಯನ್ನು ಆರು ಮತ್ತು ಎಂಟರ ನಡುವೆ ಹರವಿ, ಒಂದರಿಂದ ಮತ್ತೆ ಶುರುಮಾಡಿ, ಕೋಟಿನ ಗುಂಡಿ ಬಿಚ್ಚಿ, ಕೀಲಿಯನ್ನು ಅಕ್ಕನ ಕೈಗೇ ಕೊಡುತ್ತ ಮೇಸ್ತ್ರಿ ಗಟ್ಟಿಯಾಗಿ ಹೇಳಿದ್ದು: "ಹನ್ನೆರಡು."