ಡೋಲಿನ ತಪ್ಪು ಮಾತು

"ಏನಂತೈತೆ ಡೋಲು? ಇನ್ನೊಂದ್ಸಲ ಹಾಕು," ಎಂದಳು ಅವ್ವ.

ಅಂಗಳದ ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಅಪ್ಪನ ಕೈಗಳೂ ಬಾಗಿದ ಕೋಲೂ ಮತ್ತೆ ಮೂಡಿದವು. ಅವಳ ಮಗ, ಹಾಡುಗಾರ ಆಯಾನ್‌ಲೆರೆ ಇಸೆಯಿನ್ ಊರಿನ ತನ್ನ ಡೋಲುಗಾರರ ಮನೆತನವನ್ನೇ ಚಿತ್ರ, ನೆರಳು, ಸಂಗೀತಗಳಲ್ಲಿ ಹೆಣೆದು ಒಂದು ಪ್ರದರ್ಶನ ಮಾಡಿ ತಂದಿದ್ದ. ಅದನ್ನು ಲಾಗೋಸಿನಲ್ಲಿ ತೋರಿಸಬೇಕಿತ್ತು. ಅವ್ವ ಬೇಡವೆಂದರೆ ಅಪ್ಪನ ಡೋಲನ್ನು ತೆಗೆದುಬಿಡುವುದಾಗಿ ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದ. ಆ ಡೋಲಿಲ್ಲದೆ ಅದರಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಪ್ಪ ತೀರಿಹೋದಂದಿನಿಂದ ಅವ್ವ ಎಲ್ಲಿ ಡೋಲು ಕೇಳಿದರೂ ಒಳಗೆ ಹೋಗಿ ಜಪಮಾಲೆ ಹಿಡಿಯುತ್ತಿದ್ದಳು. ಇಂದು ಚಾಪೆ ಹಾಸಿ ಕೂತದ್ದೇ ದೇವರ ದಯೆ.

ಡೋಲು ನುಡಿಯಿತು. ಕಸಾಲಿ ಚಿಕ್ಕಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.

"'ನಿನ್ನ ಲಾರಿ ಬಂದೈತೆ, ಊಟಕ್ಕೆ ಹಾಕು' ಅಂತೈತೆ ಕಣಪ್ಪ. ನಮ್ಮಣ್ಣ ಯಾವತ್ತು ಲಾರಿ ಇಟ್ಟಿದ್ದ?"

ಆ ಊರಿನ ಡೋಲು ಮಾತಿನ ಸ್ವರದ ಏರಿಳಿತವನ್ನೇ ನುಡಿಯುತ್ತದೆ; ಅವರ ಭಾಷೆಯಲ್ಲಿ ಸ್ವರ ಒಂದಿಷ್ಟು ಜಾರಿದರೆ ಸಾಕು, 'ಗಂಡ' ಎಂಬ ಮಾತು 'ಲಾರಿ' ಆಗಿಬಿಡುತ್ತದೆ. ಆಯಾನ್‌ಲೆರೆ ಗಿಟಾರಿಗೆ ಹೊಂದಲೆಂದು ಡೋಲಿನ ಸ್ವರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದ. ಈಗ ಅವನ ಕಿವಿ ಬಿಸಿಯಾಯಿತು. ಡೋಲುಗಾರನ ಮಗನೆಂದು ದೇಶದೇಶದಲ್ಲಿ ಹೇಳಿಕೊಂಡು ಬಂದವನು!

ಅವ್ವ ತಲೆವಸ್ತ್ರದ ಅಂಚನ್ನು ಬಾಯಿಗೊತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವನು ಎದ್ದ. ಅವಳು ನಗುತ್ತಿದ್ದಳು.

"ಲಾರೀನೇ ಬಿಡು. ಹೊಗೆ ಬಿಡ್ತಾ, ಗುಡುಗುಡು ಅಂತಾನೇ ಬರ್ತಿದ್ರು."

"ಅತ್ತಿಗೆ, ಸತ್ತೋರನ್ನ ಆಡ್ಕೋಬಾರ್ದು!"

"ನನ್ನ ಗಂಡ, ನಾನು ಆಡ್ಕೋತೀನಿ. ಅಲ್ಲ ಮಗಾ, ಅವರ ಕೆಮ್ಮು ಎಲ್ಲಿ?"

"ಅಳಿಸ್ದೆ ಅವ್ವ. ಚೆನ್ನಾಗಿ ಕೇಳ್ಲಿ ಅಂತ."

"ಕೆಮ್ಮದೆ ಆ ಮನುಷ್ಯ ಬಾಗಿಲು ದಾಟಿದ್ದುಂಟಾ? ಇದ್ದದ್ದನ್ನ ಇದ್ದಂಗೆ ಹಾಕು. ಆಮೇಲೆ ಎಲ್ಲಿಗಾದ್ರೂ ತಗೊಂಡ್ಹೋಗು."

ಆಯಾನ್‌ಲೆರೆ ನೆಲಕ್ಕೆ ಎದೆಯೂರಿ ಅವಳೆದುರು ಅಡ್ಡಬಿದ್ದ.

"ಸಾಕು ಏಳೋ, ಲಾಗೋಸಿನ ಅಂಗಿ ಮಣ್ಣಾಗ್ತೈತೆ."

ಅವನು ತಿದ್ದದೆ ಇಟ್ಟಿದ್ದ ಮೂಲ ಧ್ವನಿಮುದ್ರಣವನ್ನು ಹುಡುಕಿ ಹಾಕಿದ. ಮೊದಲು ಕೆಮ್ಮು ಬಂತು. ಪಕ್ಕದ ಮನೆಯ ಮಗ್ಗದ ಟಕಟಕ, ಒಂದು ಕೋಳಿ. ಆಮೇಲೆ ಡೋಲು, ಸ್ಪಷ್ಟವಾಗಿ: ನಿನ್ನ ಗಂಡ ಬಂದಿದ್ದಾನೆ, ಊಟಕ್ಕೆ ಹಾಕು.

"ದೇವರೇ, ಇಷ್ಟಾದ್ರೂ ಉಳಿಸಿಕೊಟ್ಯಲ್ಲ," ಎಂದಳು ಅವ್ವ ಮೆಲ್ಲಗೆ. ಮತ್ತೆ ಬಟ್ಟೆಯ ಕಡೆಗೆ ತಿರುಗಿ, ಅಷ್ಟು ವರ್ಷ ದಿನಾ ಸಂಜೆ ಗಂಡ ಬಾಗಿಲಲ್ಲಿ ಹೀಗೆ ಡೋಲು ನುಡಿಸಿದಾಗ ಕೂಗಿದಂತೆಯೇ ಕೂಗಿದಳು: "ಕೇಳಿಸ್ತು ಬನ್ನಿ! ಬೀದಿಗೆಲ್ಲ ಸಾರಬೇಡಿ."

ಬಟ್ಟೆಯ ಮೇಲಿನ ಕೈ ಕೋಲನ್ನೆತ್ತಿತು. ಅವಳು ಚಾಪೆಯಲ್ಲಿ ಕೊಂಚ ಸರಿದು ಪಕ್ಕಕ್ಕೆ ಜಾಗ ಮಾಡಿದಳು.