ಹಿಟ್ಟಿನ ಮಿಲ್ಲಿನ ಬಿಲ್ಲೆಗಳು

ಹಳೇಕೋಟೆಯ ಮಾದಮ್ಮನ ಮಗಳು ರಂಜಿನಿ ಎಳೇ ಬಾಣಂತಿಯಾಗಿ ತವರಿನಲ್ಲಿದ್ದಾಗಲೇ ಐನೂರು, ಸಾವಿರದ ನೋಟುಗಳು ರದ್ದಾದವು. ಮಾದಮ್ಮ ರಾಮಣ್ಣನವರ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದಳು. ರಾಮಣ್ಣ ಕೂಲಿಗೆ ಮೋಸ ಮಾಡುವವರಲ್ಲ. ಆದರೆ ಬ್ಯಾಂಕಿನ ಮುಂದೆ ದಿನವಿಡೀ ನಿಂತರೂ ಅವರಿಗೇ ಕಾಸು ಸಿಗುತ್ತಿರಲಿಲ್ಲ. ಬಾಣಂತಿಗೆ ಮೆಣಸು, ಬೆಳ್ಳುಳ್ಳಿ, ತುಪ್ಪ ಬೇಕು. ಮಾದಮ್ಮನಿಗೆ ದಿಕ್ಕೇ ತೋಚಲಿಲ್ಲ.

ಕೈ ಹಿಡಿದವರು ಹಿಟ್ಟಿನ ಮಿಲ್ಲಿನ ಚಿಕ್ಕಲಕ್ಷ್ಮಮ್ಮ. ಸರದಿಗೆಂದು ಗಿರಾಕಿಗಳಿಗೆ ಕೊಡುವ ತಗಡಿನ ಬಿಲ್ಲೆಗಳು ಅವರಲ್ಲಿ ಡಬ್ಬಿ ತುಂಬ ಇದ್ದವು. ರಾಮಣ್ಣನವರ ಹಳೇ ರಾಗಿ ಮೂಟೆಗಳನ್ನು ಮಿಲ್ಲಿಗೆ ಇಳಿಸಿಕೊಂಡು ಅಷ್ಟಕ್ಕೆ ಬಿಲ್ಲೆ ಕೊಟ್ಟರು. ರಾಮಣ್ಣ ಅವನ್ನೇ ಕೂಲಿಯಾಗಿ ಹಂಚಿದರು.

"ತಗಡು ತಿಂದು ಬಾಣಂತಿ ಹಾಲು ಕೊಟ್ಟಾಳಾ ಅಮ್ಮೋರೆ?" ಮಾದಮ್ಮ ಮಿಲ್ಲಿಗೇ ಬಂದು ಕೇಳಿದಳು.

"ಒಂದು ಬಿಲ್ಲೆಗೆ ಒಂದು ಸೇರು ರಾಗಿ. ಯಾವಾಗ ಬಂದ್ರೂ ಅಳೆದು ಕೊಡ್ತೀನಿ. ಬ್ಯಾಡ ಅಂದ್ರೆ ಬಲವಂತ ಇಲ್ಲ ಕಣಮ್ಮಿ" ಎಂದು ಚಿಕ್ಕಲಕ್ಷ್ಮಮ್ಮ ಒಂದು ಬಿಲ್ಲೆ ಈಸಿಕೊಂಡು ಅಲ್ಲೇ ಒಂದು ಸೇರು ಅಳೆದು ಅವಳ ಮಡಿಲಿಗೆ ಸುರಿದರು.

"ಇಂಗೆ ನಾವ್ ನಾವೇ ದುಡ್ಡು ಮಾಡ್ಕೋಬೋದಾ?"

"ರಾಗಿ ರಾಮಣ್ಣೋರ್ದು, ಬೆವರು ನಿಂದು. ಅದುಕ್ಕೆ ಬದ್ಲು ಏನು ಈಸ್ಕೋಬೇಕು ಅಂತ ನೀವೇ ತೀರ್ಮಾನ ಮಾಡ್ಕೊಂಡ್ರೆ ತೆಪ್ಪೇನು?"

ಉಳಿದ ಬಿಲ್ಲೆ ಹಿಡಿದು ಮಾದಮ್ಮ ಅಳುಕುತ್ತಲೇ ಚನ್ನಪ್ಪನ ಅಂಗಡಿಗೆ ಹೋದಳು. ಅವನು ತಿರುಗಿಸಿ ನೋಡಿ, "ನಮ್ಮನೇಲೂ ಮುದ್ದೆ ತಿನ್ನಲ್ವಾ? ತತ್ತಾ ಇಲ್ಲಿ" ಎಂದು ಮೆಣಸು, ಬೆಳ್ಳುಳ್ಳಿ ಕಟ್ಟಿಕೊಟ್ಟ. ಅದೇ ಬಿಲ್ಲೆಗಳನ್ನು ಹೊಳೆನರಸೀಪುರದಿಂದ ಸಾಮಾನು ತಂದ ಆಟೋ ಶಿವರಾಜುವಿಗೆ ಕೊಟ್ಟ. ಶಿವರಾಜು ಹಾಲಿಗೆ ಕೊಟ್ಟ. ಬಿಲ್ಲೆಗಳು ಊರು ಸುತ್ತುತ್ತಿದ್ದವು. ರಾಗಿ ಕೇಳಿಕೊಂಡು ಮಿಲ್ಲಿಗೆ ಬಂದವರೇ ಕಡಿಮೆ.

ಹಾಸನದಿಂದ ಕೂಸನ್ನು ನೋಡಲು ಬಂದ ಅಳಿಯ ಮೋಹನ್‌ಕುಮಾರ್ ಎರಡು ಸಾವಿರದ ಹೊಸ ನೋಟು ಹಿಡಿದು ಬೀದಿಯೆಲ್ಲ ತಿರುಗಿದ. ಚಿಲ್ಲರೆ ಎಲ್ಲೂ ಹುಟ್ಟಲಿಲ್ಲ. ಕೊನೆಗೆ ಅತ್ತೆಯ ಕೈಯಿಂದಲೇ ಬಿಲ್ಲೆ ಈಸಿಕೊಂಡು ಹೋಗಿ ಹೆಂಡತಿಗೆ ತುಪ್ಪ ತಂದ. ರಂಜಿನಿ ನಕ್ಕಿದ್ದೇ ನಕ್ಕಿದ್ದು.

ಸಂಕ್ರಾಂತಿ ಹೊತ್ತಿಗೆ ಕಾಸು ಓಡಾಡತೊಡಗಿತು. ರಾಗಿಯಾದರೂ ಸರಿ, ರೊಕ್ಕವಾದರೂ ಸರಿ, ಬಿಲ್ಲೆ ತಂದವರಿಗೆ ಕೊಡುವೆನೆಂದು ಚಿಕ್ಕಲಕ್ಷ್ಮಮ್ಮ ಸಾರಿಸಿದರು. ಒಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಮಾದಮ್ಮ ಮೊಮ್ಮಗಳನ್ನು ಎತ್ತಿಕೊಂಡೇ ಬಂದಳು.

"ನಿಮ್ಮಿಂದ ನನ್ನ ಮಗಳು ಮೈ ಹಿಡಿದ್ಲು ಅಮ್ಮೋರೆ."

"ನನ್ನ ತಗಡ ನೀವು ನಂಬಿದ್ರಲ್ಲ, ನಾನೇ ನಿಮ್ಗೆ ಕೈ ಮುಗೀಬೇಕು. ಎಲ್ಲಿ, ಕೂಸ ಇತ್ತಗೆ ಕೊಡು."

ಹಿಟ್ಟು ಮೆತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಚಿಕ್ಕಲಕ್ಷ್ಮಮ್ಮ ಮಗುವನ್ನು ಎದೆಗೆ ಒರಗಿಸಿಕೊಂಡರು.