ಚೌಕದ ಕಂಚಿನ ಮುಖ

ನಮ್ಮ ದೊರೆಗೆ ಗದ್ದವೇ ಇರಲಿಲ್ಲ. ಒಂದು ಕಣ್ಣು ಬೇರೆ ಜೋತುಬಿದ್ದಿತ್ತು. ಅರಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ನಾನು ಅದನ್ನು ಕಂಡವಳು, ಊರು ಕಂಡಿರಲಿಲ್ಲ. ಅವನು ಹೊರಗೆ ಹೊರಟರೆ ಪರದೆ ಬಿಟ್ಟ ಪಲ್ಲಕ್ಕಿ, ಸುತ್ತ ಈಟಿ. ಊರಿಗೆ ಗೊತ್ತಿದ್ದ ಮುಖ ಚೌಕದ ಕಂಚಿನ ವಿಗ್ರಹದ್ದು.

ಆ ಮುಖ ನನ್ನ ಗಂಡ ಸೋಸಿಯನದು. ಬಂದರಿನಲ್ಲಿ ಬಲೆ ಎಳೆಯುತ್ತಿದ್ದವನನ್ನು ಶಿಲ್ಪಿ ಕರೆದೊಯ್ದು ನಿಲ್ಲಿಸಿ, ನೆಟ್ಟನೆಯ ಮೂಗು, ಅಗಲವಾದ ಎದೆ ಎಲ್ಲವನ್ನೂ ದೊರೆಗೆ ಕೊಟ್ಟುಬಿಟ್ಟ. ಸೋಸಿಯ ಪರವೂರಿನಿಂದ ಬಂದು ನೆಲೆಸಿದವನು, ಊರ ಸಭೆಯಲ್ಲಿ ಕೈಯೆತ್ತುವ ಹಕ್ಕು ಅವನಿಗಿಲ್ಲ. ಮುಖ ಮಾತ್ರ ಆಳುವುದಕ್ಕೆ ಲಾಯಕ್ಕಾಗಿತ್ತು!

ಕೋಟೆ ಬಿದ್ದ ದಿನ ಬೆಟ್ಟದ ಹಳ್ಳಿಯವರು ಕೊಡಲಿ ಹಿಡಿದು ನುಗ್ಗಿದರು. ಕಾವಲಿನವರ ತಲೆಗಳನ್ನು ಮೀನು ಮಾರುವ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ದೊರೆ ಮಾತ್ರ ಸಿಗಲಿಲ್ಲ. ಅದೇ ಹೊತ್ತಿಗೆ ಸೋಸಿಯ ದೋಣಿಯಿಂದ ಇಳಿದ.

"ಲೋ, ದೊರೆ ಇಲ್ಲೇ ಅವ್ನೆ ಕಣ್ರೋ! ಬೆಸ್ತರ ವೇಷ ಹಾಕ್ಕೊಂಡವ್ನೆ!"

"ಅಣ್ಣಾ, ನಾನು ಸೋಸಿಯ. ನನ್ ಕೈ ನೋಡಣ್ಣಾ, ಬಲೆ ಎಳ್ದು ಎಳ್ದು..."

"ನಮ್ಮಪ್ಪನ್ನ ಕಲ್ಲುಗಣೀಲಿ ಸಾಯಿಸ್ದಾಗ ಯಾರಿಗೆ ತಮ್ಮ ಆಗಿದ್ಯೋ?"

ಕೊಡಲಿಯ ಹಿಂಬದಿ ಮೊಣಕಾಲಿಗೆ ಬಿತ್ತು. ಮೂಳೆ ಮುರಿದ ಸದ್ದು ದಡದಲ್ಲಿ ಅವನಿಗಾಗಿ ಕಾಯುತ್ತಿದ್ದ ನನಗೆ ಕೇಳಿಸಿತು. ಅವನನ್ನು ವಿಗ್ರಹದ ಪಕ್ಕ ನಿಲ್ಲಿಸಿ, ಊರೆಲ್ಲ ನೋಡಿದ ಮೇಲೆ ಕತ್ತು ಕಡಿಯುವುದಂತೆ.

ನೆರೆಮನೆಯ ಕೆಫಲೋನ ಅಲ್ಲೇ ಹೆಂಡದಂಗಡಿಯ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಅವನ ಬಳಿಗೆ ಓಡಿದೆ.

"ಇವನು ಯಾರು ಅಂತ ಒಂದು ಮಾತು ಹೇಳೋ, ಅಣ್ಣಾ!"

"ನಂಗೇನೂ ಗೊತ್ತಿಲ್ಲ ಕಣಮ್ಮ," ಎಂದು ಅಗುಳಿ ಹಾಕಿಕೊಂಡ. ದಿನಾ ನಮ್ಮ ಮೀನು ತಿಂದ ಬಾಯಿ ಅದು. ಅದಕ್ಕೆ ಮಣ್ಣು ಬೀಳಲಿ.

ನಾನು ನಿಜ ಹೇಳಿದರೆ ಯಾರು ನಂಬುತ್ತಾರೆ? ಕಂಚಿನ ಮುಂದೆ ಅಗಸಗಿತ್ತಿಯ ಮಾತು ಯಾವ ಲೆಕ್ಕ? ದೋಣಿಯಲ್ಲಿದ್ದ ಬಲೆಯ ಕಲ್ಲನ್ನು ಎತ್ತಿಕೊಂಡು ಗುಂಪಿನೊಳಗೆ ನುಗ್ಗಿದೆ.

"ನನ್ ಗಂಡನ್ನ ತಿಂದೋನು ಇವ್ನೇ! ಮೊದಲ ಏಟು ನಂಗೆ ಬಿಡ್ರಪ್ಪಾ!"

"ಬಿಡ್ರೋ, ಹೆಣ್ಣಿನ ಹೊಟ್ಟೆ ಉರಿ ಅದು!" ಎಂದು ದಾರಿ ಬಿಟ್ಟರು.

ಸೋಸಿಯ ನನ್ನ ಗುರುತು ಹಿಡಿದು ಏನೋ ಹೇಳಲು ಬಾಯಿ ತೆರೆದ. ಆ ಬಾಯಿಗೇ ಹೊಡೆದೆ. ಆಮೇಲೆ ಮೂಗಿಗೆ. ಮತ್ತೆ ಮೂಗಿಗೆ, ಅದು ಮೂಗಲ್ಲ ಅನ್ನಿಸುವವರೆಗೆ. ಅವನ ಬಿಸಿ ನೆತ್ತರು ನನ್ನ ಕಣ್ಣಿಗೆ ಹಾರಿತು. ನಾನು ಅಳುತ್ತಿದ್ದೆ, ಅವರು ಶಹಭಾಸ್ ಎನ್ನುತ್ತಿದ್ದರು.

ಚೌಕಕ್ಕೆ ಎಳೆದೊಯ್ದು ವಿಗ್ರಹದ ಪಕ್ಕ ನಿಲ್ಲಿಸಿದಾಗ ಅಲ್ಲಿ ಕಾದಿದ್ದ ಜನ ಒಮ್ಮೆ ಮೇಲೆ ನೋಡಿದರು, ಒಮ್ಮೆ ಕೆಳಗೆ ನೋಡಿದರು. ಯಾರೋ ಗಹಗಹಿಸಿ ನಕ್ಕರು.

"ಇವನೇನ್ರೋ ದೊರೆ? ಯಾವನೋ ಬೆಸ್ತನ್ನ ಹಿಡ್ಕೊಂಡು ಬಂದವ್ರೆ, ಬೆಟ್ಟದ ಕುರಿಗಳು!"

ನಗೆಪಾಟಲಾದ ಹಳ್ಳಿಯವರು ಅವನನ್ನು ಅಲ್ಲೇ ಕೆಡವಿ ಹೋದರು. ನಾನು ಹೊತ್ತು ತಂದೆ.

ವಿಗ್ರಹ ಚೆನ್ನಾಗಿದೆ, ಕರಗಿಸುವುದು ಬೇಡ ಎಂದು ಸಭೆ ತೀರ್ಮಾನಿಸಿತು. ಪೀಠದ ಮೇಲಿದ್ದ ದೊರೆಯ ಹೆಸರನ್ನು ಕೆತ್ತಿ ತೆಗೆದು 'ಊರ ಪ್ರಜೆ' ಎಂದು ಬರೆಸಿದರು. ಇವತ್ತು ಅದಕ್ಕೆ ವಸಂತದ ಹಾರ ಹಾಕುವ ದಿನ. ಸೋಸಿಯ ಕುಂಟುತ್ತಾ ಹೋಗಿ ಅದರ ಕೆಳಗೆ ನಿಂತ. ಹಾರ ಹಿಡಿದು ಬಂದವನು ಕೆಫಲೋನ, ಈಗ ಸಭೆಯ ಹಿರಿಯ.

"ಏ ಮೂಗುಮುರುಕ, ಹಿಂದಕ್ಕೆ ಹೋಗೋ. ಇದು ಊರಿನ ಮುಖ. ಮುಂದೆ ನಿಂತು ಅಪಶಕುನ ಮಾಡ್ಬೇಡ."

ಸೋಸಿಯ ತಲೆ ಬಗ್ಗಿಸಿ ಹಿಂದೆ ಸರಿದ. ಬಲೆಯ ಕಲ್ಲು ಇನ್ನೂ ನನ್ನ ಬಳಿಯೇ ಇದೆ. ಇವತ್ತು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದೆ. ಕಂಚಿನ ಮೂಗನ್ನೇ ನೋಡುತ್ತಾ ಗಂಟು ಬಿಚ್ಚಿದೆ.